ಪೈ ಬಳಿಯ ಬಿರುಕು

ಒಕ್ಕೊ, ನೀನು ಹೋದ ಹನ್ನೊಂದನೇ ವರ್ಷ
ನಿನ್ನದೊಂದು ತಪ್ಪು ಸಿಕ್ಕಿತು.

ಎಮ್ಡನ್ನಿನಲ್ಲಿ ಇವತ್ತು ಗಾಳಿ.
ಕಿಟಕಿಯಾಚೆ ಕಡಲಿನ ಒಡ್ಡು, ಒಡ್ಡಿನ ಮೇಲೆ
ಗಾಳಿಗೆ ಬೆನ್ನು ಕೊಟ್ಟ ಕುರಿ.
ಫೆನ್ನಾ ಅಂತ ಒಬ್ಬ ಹುಡುಗಿ, ಎರಡನೇ ವರ್ಷ,
ಎರಡಕ್ಕೆ ಕೊಸೈನು ಕೂಡಿಸಿ, ಒಂದನ್ನು ಅದರಿಂದ ಭಾಗಿಸಿ,
ಆ ಗೆರೆಯಡಿಯ ಜಾಗ ಅಳೆಸಿದಳು
ಒಂದು ಸುತ್ತಿಗೆ. ಮೂರು ಚಿಲ್ಲರೆ. ಸರಿ.
ಮೂರು ಸುತ್ತಿಗೂ ಅಷ್ಟೇ ಬಂತು,
ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ನಾನೇ ಎಲ್ಲೋ ಎಡವಿರಬೇಕು" ಅಂದಳು.
ನಲವತ್ತಾರು ವರ್ಷದಲ್ಲಿ ಎಷ್ಟು ಜನ
ಹಾಗಂದುಕೊಂಡೇ ದೀಪ ಆರಿಸಿ ಮನೆಗೆ ಹೋದರೋ.

ನಿನ್ನ ಫೋರ್ಟ್ರಾನ್ ತೆಗೆದು ಕೂತೆ.
ಪೈ ಬಳಿಯ ಬಿರುಕು ನಿನಗೆ ಗೊತ್ತಿತ್ತು,
ಟ್ಯಾನ್ ಅಲ್ಲಿ ಆಕಾಶಕ್ಕೆ ಹಾರಿ
ಪಾತಾಳದಿಂದ ಏಳುತ್ತದೆ.
ಅಡ್ಡಲಾಗಿ ಹಲಗೆ ಹಾಕಿದ್ದೀಯ. ಒಂದೇ ಒಂದು.
ಪಕ್ಕದಲ್ಲಿ ನಿನ್ನ ಟಿಪ್ಪಣಿ:
ಇದಕ್ಕಿಂತ ದೂರ ಯಾರು ಹೋಗುತ್ತಾರೆ?

ಯಾರೂ ಹೋಗಲಿಲ್ಲ, ಮಾರಾಯ.
ಬಲ್ಲವರು ಒಂದು ಸುತ್ತು ಅಳೆದು ಮೂರರಿಂದ ಗುಣಿಸಿದರು.
ಅರಿಯದವರು ನಂಬಿದರು.
ಪರೀಕ್ಷೆಗೆಂದು ನಾವಿಟ್ಟ ಸಾವಿರದಿನ್ನೂರು ಉತ್ತರಗಳಲ್ಲಿ
ಇದೂ ಇದೆ! ಯಂತ್ರ ಹೇಳಿದ್ದನ್ನೇ ಬರೆದುಕೊಂಡು
ರಾತ್ರಿ ರಾತ್ರಿ ಯಂತ್ರಕ್ಕೇ ಒಪ್ಪಿಸಿ
ಹೌದಪ್ಪ ಹೌದು ಅನ್ನಿಸಿಕೊಂಡವನು ನಾನೇ.

ಒಡ್ಡಿನ ಮಾತು ಬೇರೆ. ಅದಕ್ಕೆ ವಯಸ್ಸಾಗುತ್ತದೆ,
ಮೊಲ ಕೊರೆಯುತ್ತದೆ, ವರ್ಷಕ್ಕೆರಡು ಸಲ ಊರವರು
ಬೂಟು ಮೆಟ್ಟಿ ನಡೆದು ತೂತು ಹುಡುಕುತ್ತಾರೆ.
ನಿನ್ನ ಸಾಲು ಸವೆದಿಲ್ಲ, ತುಕ್ಕು ಹಿಡಿದಿಲ್ಲ.
ಕಟ್ಟಿದ ದಿನವೇ ತೂತಿತ್ತು;
ನೀರು ಆ ಕಡೆಯಿಂದ ಬಂದಿರಲಿಲ್ಲ, ಅಷ್ಟೇ.

ಸರಿಮಾಡುತ್ತೇನೆಂದರೆ ಗ್ರೋನಿಂಗನ್ನಿನಿಂದ ಟ್ಯಾಮೊ ಫೋನು:
"ಮುಟ್ಟಬೇಡ! ನಮ್ಮ ಉಬ್ಬರದ ಲೆಕ್ಕ
ಆ ಉತ್ತರವನ್ನು ಸುತ್ತುಗಳಿಂದ ಗುಣಿಸಿಕೊಂಡೇ
ಇಪ್ಪತ್ತು ವರ್ಷ ನಡೆದಿದೆ."
ತಪ್ಪಿನ ಮನೆಯಲ್ಲೂ ಬಾಡಿಗೆದಾರರಿದ್ದಾರೆ, ಒಕ್ಕೊ,
ಪಾತ್ರೆ ಪಗಡ ಜೋಡಿಸಿಕೊಂಡು.

ಆದರೂ ಮುಟ್ಟಿದೆ. ಎಷ್ಟು ಬಿರುಕೋ ಅಷ್ಟು ಹಲಗೆ,
ಎಣಿಸಿ ಹಾಸುವಂತೆ ಬರೆದೆ.
ಚಹಾ ಸುರಿದೆ. ಬಟ್ಟಲ ತಳದ ಕಲ್ಲುಸಕ್ಕರೆ
ಚಟ್ಟೆಂದು ಸೀಳಿತು.
ಫೆನ್ನಾ ತಲೆಯೆತ್ತಿದಳು:
"ಎಲ್ಲಿಯವರೆಗೆ ಅಂತ ಅಂಕಿ ಕೊಡದೆ
ಬರೀ ಅಕ್ಷರ ಕೊಟ್ಟರೆ? ಆಗ ಹಲಗೆ ಎಷ್ಟು?"

ಹಾಗೆಲ್ಲ ಯಾರು ಕೇಳುತ್ತಾರೆ,
ಎಂದು ನಾಲಗೆಯ ತುದಿಗೆ ಬಂದದ್ದನ್ನು
ಚಹಾದ ಜೊತೆ ನುಂಗಿದೆ.