ಕೌಂಟರಿನ ಆಚೆ ಬದಿ

ಮೂರು ದಿನದ ತರಬೇತಿ, ಪಾದೆರಿನ ಮಿಷನ್ ಶಾಲೆಯಲ್ಲಿ.
ಮೊದಲ ದಿನ ಕರೆಂಟಿಲ್ಲ, ಪ್ರೊಜೆಕ್ಟರು ಕಣ್ಣು ಬಿಡಲಿಲ್ಲ.
ಹಲಗೆಯ ಮೇಲೆ ‘ಪಾರದರ್ಶಕತೆ’ ಎಂದು ಬರೆದಳು ಲಾಮ್ವಾಕ,
ಕಂಪಾಲಾದಿಂದ ಬಂದವಳು, ನನ್ನ ಕಿರಿಮಗಳ ವಯಸ್ಸು.
ಪದ ಮುಗಿಯುವ ಮೊದಲೇ ಸೀಮೆಸುಣ್ಣ ಎರಡು ತುಂಡಾಯಿತು.
ಇಪ್ಪತ್ತೆರಡು ಮಂದಿ ತಲೆ ಬಗ್ಗಿಸಿ ಬರೆದುಕೊಂಡೆವು.
ಬರೆದುಕೊಳ್ಳುವುದರಲ್ಲಿ ನನ್ನದು ಪಳಗಿದ ಕೈ:
ಭೂ ಕಚೇರಿಯ ಗುಮಾಸ್ತ, ಇಪ್ಪತ್ತಾರು ವರ್ಷ.

ಮರುದಿನ ಬಯಲಿಗೆ ಕರೆದೊಯ್ದಳು.
ಅಂಗೈಯಗಲದ ಯಂತ್ರ ಆಕಾಶದ ಜೊತೆ ಮಾತಾಡಿ
ನಾವು ನಿಂತ ಜಾಗವನ್ನು ಅಂಕಿಯಲ್ಲಿ ಹೇಳಿತು.
ಭೂಸಮಿತಿಯ ಮುದುಕ ಲಂಗೋಯಾ ನಕ್ಕ:
“ನಾನು ನಿಂತ ಜಾಗ ನನಗೆ ಗೊತ್ತಿಲ್ಲವೇ?
ಅಗೋ ಹುತ್ತ. ಅಲ್ಲಿಂದ ಕಿಟೂಬ ಮರ. ಮರದಡಿ ಅಜ್ಜನ ಗೋರಿ.
ಯುದ್ಧ ಮುಗಿದು, ಶಿಬಿರದಿಂದ ಊರಿಗೆ ಮರಳಿದಾಗ
ಹುತ್ತ ಇತ್ತು, ಮರ ಇರಲಿಲ್ಲ,
ಗೋರಿಯ ಮೇಲೆ ಯಾರದೋ ಎಳ್ಳು ಹೂಬಿಟ್ಟಿತ್ತು.
ಇದನ್ನು ನಿನ್ನ ಯಂತ್ರಕ್ಕೆ ಯಾವ ಅಂಕಿಯಲ್ಲಿ ಹೇಳಲಿ?”
ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು
ನಮ್ಮ ಕಡೆ ತಿರುಗಿ ಅಂದಳು:
“ಇದನ್ನೂ ಬರೆದುಕೊಳ್ಳಿ.”

ಮೂರನೆಯ ದಿನ ನಾಟಕ.
ಟೋಪಿಯೊಳಗಿಂದ ಚೀಟಿ ಎತ್ತಬೇಕು. ನನಗೆ ಬಂದದ್ದು:
‘ವಿಧವೆ. ಗಂಡನ ಹೊಲಕ್ಕೆ ಪತ್ರ ಬೇಕು. ಓದು ಬಾರದು.’
ಒಬ್ವೋಯಾನಿಗೆ: ‘ಗುಮಾಸ್ತ.’
ನಮ್ಮ ಕಚೇರಿಯದೇ ಹುಡುಗ, ಮೊಹರಿಗೆ ಮಸಿ ಹಾಕುವವನು.
ಹೋಗಿ ಮೇಜಿನ ಹಿಂದೆ ಕೂತ.
ಕನ್ನಡಕವಿಲ್ಲ, ಆದರೂ ಕನ್ನಡಕದ ಮೇಲಿಂದ ನೋಡಿದ.
ಪೆನ್ನಿನ ಹಿಂತುದಿಯಿಂದ ಕಿವಿ ಕೆರೆದ.
ಡ್ರಾಯರು ಚೂರೇ ಚೂರು ಎಳೆದು ಬಿಟ್ಟ,
ಒಂದು ನೋಟು ನುಸುಳುವಷ್ಟು ಸಂದು.
“ಕಡತ ಮೇಲಿನವರ ಬಳಿ ಇದೆ ತಾಯಿ, ನಾಳೆ ಬಾ.”

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.
ನಗುವಿನ ನಡುವೆ ಹೊಳೆಯಿತು:
ಕಿವಿ ಕೆರೆಯುವುದು ನಾನು.

ಎರಡು ಹೆಜ್ಜೆ ಹಿಂದೆ ಹೋದೆ, ಎರಡು ಹೆಜ್ಜೆ ಮುಂದೆ ಬಂದೆ,
ನಾಟಕದಲ್ಲಿ ನಾಳೆ ಅಷ್ಟೇ ದೂರ.
“ನಾಳೆ ಬಾ” ಎಂದ.
ಮತ್ತೆರಡು ಹೆಜ್ಜೆ.
“ಸಾಹೇಬರು ಊರಲ್ಲಿಲ್ಲ” ಎಂದ.
ಆಚೆ ಬದಿಯಿಂದ ಆ ಮೇಜು ಎದೆಮಟ್ಟಕ್ಕೆ ಬರುತ್ತದೆ,
ಇದು ನನಗೆ ತಿಳಿದೇ ಇರಲಿಲ್ಲ.
ಮೂರನೆಯ ನಾಳೆಗೆ ಯಾರೂ ಹೇಳಿಕೊಡದೆ
ನನ್ನ ಕೈ ನನ್ನ ಜೇಬಿಗೆ ಇಳಿಯಿತು.
ಊಟದ ಚೀಟಿಯ ಜೊತೆ ಐನೂರು ಶಿಲ್ಲಿಂಗಿನ ಒಂದು ನಾಣ್ಯ.
ಸಂದಿಗೆ ಬಿಟ್ಟೆ.
ಖಾಲಿ ಡ್ರಾಯರಿನೊಳಗೆ ಅದು ಉರುಳಿ
ಸುತ್ತಿ ಸುತ್ತಿ
ಮಲಗುವವರೆಗೂ ಯಾರೂ ಕೆಮ್ಮಲಿಲ್ಲ.
ಲಾಮ್ವಾಕ ಗಡಿಯಾರ ನೋಡಿ
“ಸಮಯ ಆಯಿತು, ಕೂತುಕೊಳ್ಳಿ” ಅಂದಳು, ಅಷ್ಟೇ.
ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು.
ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು,
ತಿದ್ದಿಸಿಕೊಳ್ಳಲು ಯಾರ ಬಳಿಗೂ ಹೋಗಲಿಲ್ಲ.

ಸೋಮವಾರ ಶುಲ್ಕದ ಪಟ್ಟಿ ಗೋಡೆಗೆ ಹಾಕಬೇಕಿತ್ತು.
ಹಳೆ ಗಾರೆ, ಮೊಳೆ ನಿಲ್ಲಲಿಲ್ಲ;
ಜೋಳದ ಗಂಜಿ ಬಳಿದು ಅಂಟಿಸಿದೆ.
ಸಾಲಿನ ಮೊದಲಲ್ಲಿ ಲಾಮುನು, ಬೆನ್ನಿಗೆ ಕಟ್ಟಿದ ಮೊಮ್ಮಗು.
“ಏನು ಬರೆದಿದೆ ಅದರಲ್ಲಿ?”
ಓದಿದೆ. “ಅರ್ಜಿ ನಮೂನೆಗೆ ದುಡ್ಡಿಲ್ಲ.”
“ಇನ್ನೊಮ್ಮೆ ಓದು, ಹಿಂದಿನವರಿಗೂ ಕೇಳಲಿ.”
ಓದಿದೆ.
“ಹಾಗಾದರೆ ಹೋದ ವರ್ಷ ನಾನು ಕೊಟ್ಟದ್ದು?”

ತರಬೇತಿಯ ಪುಸ್ತಕದಲ್ಲಿ ಅದಕ್ಕೊಂದು ಪುಟವಿಲ್ಲ.
ಹಳೆಯ ಮಾತೇ ನಾಲಿಗೆಯ ತುದಿಗೆ ಬಂದು ನಿಂತಿತು,
ನುಂಗಿದೆ. ಗಂಟಲಲ್ಲಿ ಅದು ಇಳಿಯುವುದು ಅವಳಿಗೆ ಕಂಡಿರಬೇಕು.
ಡ್ರಾಯರನ್ನು ಪೂರ್ತಿ ಹೊರಕ್ಕೆಳೆದು ಮೇಜಿನ ಮೇಲಿಟ್ಟೆ.
ಮೇಲಿನವರ ಬಳಿಯಿದ್ದ ಕಡತ
ತಳದಲ್ಲಿತ್ತು.
ಅದರ ಅಡ್ಡಕ್ಕೆ ಗೆದ್ದಲು
ಹಸಿ ಮಣ್ಣಿನಲ್ಲಿ ಒಂದು ಗೆರೆ ಎಳೆದಿತ್ತು,
ಯಾರ ಯಾರ ನಡುವಿನ ಗಡಿಯೋ.