ಏಳನೆಯ ಕಲ್ಲು

ತಾಲೂಕು ಕಚೇರಿಯಿಂದ ಬಂದ ಕಾಗದದಲ್ಲಿ
ಮಲೆಯಾಳದ ಒಂದು ಶಬ್ದ: ತರಿಶು.
ವಿಲ್ಲೇಜ್ ಆಫೀಸರ್ ಕೊಲ್ಲದ ಕಡೆಯವರು,
ಕನ್ನಡದ ನೋಟೀಸು ಬರೆಯುವ ಕೆಲಸ
ಚೈನು ಎಳೆಯುವ ನನ್ನ ತಲೆಗೆ ಬಿತ್ತು.
ಪಾಳು ಎಂದು ಬರೆದೆ, ಹೊಡೆದು ಹಾಕಿದೆ.
ಬಂಜರು ಎಂದು ಬರೆದೆ, ಹಾಗೇ ಬಿಟ್ಟೆ.
ಪದವು ಎಂಬ ಪದಕ್ಕೆ
ಆ ಫಾರ್ಮಿನಲ್ಲಿ ಕಾಲಮ್ಮಿರಲಿಲ್ಲ.

ನೆಲ್ಲಿಪದವು. ಪೈವಳಿಕೆಯಿಂದ ಮೂಡಲಿಗೆ
ನಲವತ್ತೆರಡು ಎಕರೆ ಸರಕಾರದ ಜಾಗ, ಮೂರು ಅರ್ಜಿ.
ಟೂರಿಸಂನವರಿಗೆ ಒಂದು ಗೋಪುರ, ಪಾರ್ಕಿಂಗು,
ಸೂರ್ಯ ಮುಳುಗುವುದನ್ನು ನೋಡಲಿಕ್ಕೆ ಬೆಂಚು.
ಅರಣ್ಯದವರಿಗೆ ಸುತ್ತ ಬೇಲಿ, ಒಳಗೆ ಮತ್ತೆ ಅಕೇಶಿಯಾ.
ಬಾಯಾರಿನ ಗುತ್ತಿಗೆದಾರರಿಗೆ ಕಲ್ಲು,
ಹತ್ತು ವರ್ಷಕ್ಕೆ ಸಾಕಂತೆ.

ಅಳೆಯಲು ಹೋದದ್ದು ಪಗ್ಗು ತಿಂಗಳ ಬಿಸಿಲಿಗೆ,
ಚಪ್ಪಲಿಯೊಳಗೂ ಮುರಕಲ್ಲು ಸುಡುತ್ತಿತ್ತು.
ಖಾಲಿ ಜಾಗ ಅಂದದ್ದು, ಆದರೆ
ಚೈನು ಎಳೆದಲ್ಲೆಲ್ಲ ಯಾರಾದರೊಬ್ಬರು ದಾಟುತ್ತಿದ್ದರು.
ಅಂದುಂಞಿಯ ಆಡುಗಳು, ಹಿಂದೆ ಅಂದುಂಞಿ.
ನೆಟ್ಟ ಗಡಿಕಲ್ಲನ್ನೇ ವಿಕೆಟ್ ಮಾಡಿಕೊಂಡ ಹುಡುಗರು,
‘ಇದು ಅಲ್ಲಾಡುವುದಿಲ್ಲ, ಔಟಾ ಅಲ್ವಾ ಗೊತ್ತಾಗುವುದು ಹೇಗೆ?’
ತಲೆಯ ಮೇಲೆ ಬೂರಿನ ಕಟ್ಟು ಹೊತ್ತ ಅಂಗಾರೆ
ನಿಂತು ಕೇಳಿದಳು: ಬೇಲಿ ಬಂದರೆ
ಬುಟ್ಟಿಗೆ ಬೂರು ಆಫೀಸಿನಲ್ಲಿ ಕೊಡ್ತಾರಾ?
ತಮಾಷೆಗಲ್ಲ.
ಯಾವ ಕೌಂಟರು ಅಂತಲೂ ಕೇಳಿದಳು.

ಕುಂಞಂಬು ಮಣಿಯಾಣಿ ನನ್ನನ್ನು ಕರೆದು
ಮಷೀನು ಬರುವ ಮೊದಲಿನ ಹಳೆಯ ಗುಂಡಿ ತೋರಿಸಿದರು,
ಅಂಚಿನಲ್ಲಿ ಅವರದೇ ಕೈಯ ಗೀರುಗಳು.
‘ನಿನ್ನ ಮನೆಯ ತೆಂಕು ಗೋಡೆ
ಇಲ್ಲಿಂದಲೇ ಹೋದದ್ದು ಮಾರಾಯ.
ನಿನ್ನಪ್ಪ ನೂರಕ್ಕೆ ಎಂಟು ಕಲ್ಲು
ಕಮ್ಮಿ ಲೆಕ್ಕ ಹೇಳಿ ಒಯ್ದದ್ದು.’
ನಾನು ಚೈನಿನ ಕೊಂಡಿ ಸರಿಮಾಡುವವನ ಹಾಗೆ ಬಗ್ಗಿದೆ.

ಏಳನೆಯ ಕಲ್ಲು ನೆಡುವಲ್ಲಿ
ಹಕ್ಕಿಯೊಂದು ನೆತ್ತಿಯ ಮೇಲೆ ಕಿರುಚಿ ಕಿರುಚಿ ಸುತ್ತಿತು.
ನೋಡಿದರೆ ಬರೀ ಹರಳುಗಲ್ಲು.
ಮತ್ತೆ ನೋಡಿದರೆ ನಾಲ್ಕು ಹರಳುಗಳ ಚೂಪು
ಒಳಕ್ಕೆ, ಒಂದಕ್ಕೊಂದು ಮುಖ ಕೊಟ್ಟು.
ಗೂಡಿಲ್ಲ, ಒಂದು ಎಸಳು ಹುಲ್ಲಿಲ್ಲ,
ಕಾದ ಕಲ್ಲಿನ ಮೇಲೆ ಟಿಟ್ಟಿಭದ ಮೊಟ್ಟೆ.
ಸರ್ವೆಯರ್ ರೋಹಿತಾಕ್ಷ ದೂರದ ನೇರಳೆ ಮರದಡಿ
ಬೊಂಡ ಕುಡಿಯುತ್ತಿದ್ದರು.
ಎಷ್ಟು? ಎಂದು ಕೂಗಿದರು.
ನಾನು ಕೂಗಿದ್ದು ಮೂರಡಿ ಕಮ್ಮಿ.

ಸಭೆ ನಡೆಯಿತು ಪಂಚಾಯತ್ ಹಾಲಿನಲ್ಲಿ.
ಎಲ್ಲರೂ ‘ನಮ್ಮ ಪದವು’ ಎಂದರು,
ಗುತ್ತಿಗೆದಾರರೂ ಅಂದರು, ಅವರೂ ಹುಟ್ಟಿದ್ದು ಇಲ್ಲೇ.
ತಗ್ಗಿನ ಮನೆಯ ಗ್ರೆಗರಿ ಮೊಂತೇರೊ
ಒಂದು ಬಾಟ್ಲಿ ನೀರು ತಂದು ಮೇಜಿನ ಮೇಲಿಟ್ಟರು.
‘ಸುರಂಗದ್ದು. ಪದವಿನ ಮೇಲೆ ಬಿದ್ದ ಮಳೆ
ನಮಗೆ ಮುಟ್ಟುವಾಗ ಮಾರ್ಚಿ.’
ಅಷ್ಟೇ ಹೇಳಿ ಕೂತರು.
ಗಲಾಟೆ ಏರಿ, ಗಂಟಲೊಣಗಿ,
ಅಧ್ಯಕ್ಷರು ಅದನ್ನೇ ಎತ್ತಿ ಕುಡಿದರು.
ಫೈಲು ಮುಂದಿನ ಸಭೆಗೆ ಹೋಯಿತು.

ಆಟಿಯಲ್ಲಿ ಕಲ್ಲು ಎಣಿಸಲು ಒಬ್ಬನೇ ಹೋದೆ.
ಪಳ್ಳ ತುಂಬಿತ್ತು. ವಾರಿಜಾ ಟೀಚರು
ಮಕ್ಕಳನ್ನು ಮೊಣಕಾಲೂರಿ ಕೂರಿಸಿ
ಸಾಸಿವೆಯಷ್ಟು ಹೂಗಳನ್ನು ತೋರಿಸುತ್ತಿದ್ದರು,
ಹುಳ ತಿನ್ನುವ ಗಿಡವಂತೆ, ಮಣ್ಣಲ್ಲಿ ಸತ್ವವಿಲ್ಲದೆ.
ಪದವಿಡೀ ನೀಲಿ.
ಏಳನೆಯ ಕಲ್ಲಿನ ಮೇಲೊಂದು ಕಪ್ಪೆ,
ಪಕ್ಕದಲ್ಲಿ, ಮೂರಡಿ ಆಚೆ,
ಏನೂ ಇರಲಿಲ್ಲ, ಬರೀ ನೀರು.
ಮರಿಗಳಾದವೋ, ಮುಂಗುಸಿ ತಿಂದಿತೋ ಗೊತ್ತಿಲ್ಲ.

ನಕ್ಷೆಯಲ್ಲಿ ಮಾತ್ರ ಗೆರೆ ಅಲ್ಲೊಂದು ಕಡೆ
ಕಾರಣವಿಲ್ಲದೆ ಒಳಕ್ಕೆ ಬಾಗಿದೆ.
ಯಾರಾದರೂ ಕೇಳಿದರೆ
ಆವತ್ತು ಬಿಸಿಲು ಜಾಸ್ತಿ, ಚೈನು ಹಿಗ್ಗಿತ್ತು ಎನ್ನುತ್ತೇನೆ.