ಅರ್ಧ ಗುಲಗಂಜಿ

ಜೋಕಟ್ಟೆಯ ತಗಡಿನ ಶೆಡ್ಡು. ಫ್ಯಾನು ಬಂದ್.
ಗಾಳಿ ತಾಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ.

ಹಿಡಿ ಒಮ್ಮೆ ಎಳೆದರೆ
ಒಂದು ತೋಟೆ ಕೇಪು ಕಚ್ಚುತ್ತದೆ, ಒಂದು ಮದ್ದು ಕುಡಿಯುತ್ತದೆ,
ಇನ್ನೊಂದು ಗುಂಡನ್ನು ತಲೆಗೇರಿಸಿಕೊಳ್ಳುತ್ತದೆ,
ಮುಗಿದದ್ದು ಟಣ್ಣೆಂದು ಡಬ್ಬಿಗೆ.
ಕೈಗೆ ಒಂದೇ ಲಯ ಬೇಕು.
ಸಿಟ್ಟಿನ ದಿನ ಮದ್ದು ಒತ್ತಿ ಕೂರುತ್ತದೆ,
ಉದಾಸೀನದ ದಿನ ಅರೆಹೊಟ್ಟೆ.

ಹತ್ತಕ್ಕೊಂದನ್ನು ತೂಗುವುದು ಅಪ್ಪನ ತಕ್ಕಡಿಯಲ್ಲಿ.
ರಥಬೀದಿಯ ಹಿಂದಿನ ಓಣಿಯಲ್ಲಿ ವಾಮನ ಶೇಟ್
ಮೂಗುತಿಗೆ ಚಿನ್ನ ತೂಗುವಾಗ ಉಸಿರು ಹಿಡಿಯುತ್ತಿದ್ದರು.
ನನಗೆ ಬಂದ ಆಸ್ತಿ ಆ ಉಸಿರು.

ಗೂಡ್ಸ್ ರೈಲು ಹೋಯಿತು. ಮೇಜು ನಡುಗಿತು.
ಆಮೇಲೆ ತೂಗಿದ್ದು ಅರ್ಧ ಗುಲಗಂಜಿ ಹೆಚ್ಚು.

"ಅಷ್ಟಕ್ಕೆ ಎಂತ ಆಗ್ತದೆ ಮಾರಾಯ್ತಿ?"
ಕ್ಲಬ್ಬಿನ ಡೆರಿಕ್ ನಕ್ಕ.
ಏನೂ ಆಗದಿರಬಹುದು.
ಅಪ್ಪ ಅಂಗಡಿಯ ಕಸವನ್ನೂ ತೊಳೆದು ಸೋಸುತ್ತಿದ್ದರು,
ಯಾರದೋ ಓಲೆಯ ಚೂರು ಅದರಲ್ಲಿದ್ದೀತೆಂದು.

ಹತ್ತನ್ನೂ ಬಿಚ್ಚಿದೆ.
ಭಾನುವಾರ ಹದಿನಾರರ ಹುಡುಗಿಯೊಬ್ಬಳು
ಬಂದೂಕಿಗೆ ಕೆನ್ನೆ ಆನಿಸಿ ಕಣ್ಣು ಕಿರಿದು ಮಾಡುತ್ತಾಳೆ.
ಅವಳ ಕೆನ್ನೆಗೂ ನನ್ನ ತಪ್ಪಿಗೂ ನಡುವೆ
ಬೆರಳಗಲದ ಉಕ್ಕು.